ಆ ಹತ್ತು ಕಿಲೋ ಎಲ್ಲಿ ಹೋಯಿತು?

ಮೇಷ್ಟ್ರ ಷರ್ಟಿನ ಜೇಬು ಸದಾ ಜೋತುಬಿದ್ದಿರುತ್ತಿತ್ತು. ಷರ್ಟು ಬಿಳಿ, ಜೇಬಿನ ಹೊಲಿಗೆ ಮಾತ್ರ ಕಪ್ಪು. ಭಾರಕ್ಕೆ ಮತ್ತೆ ಮತ್ತೆ ಕಿತ್ತುಬರುತ್ತಿದ್ದುದರಿಂದ ಅವರ ಹೆಂಡತಿ ಬೇಸತ್ತು ಕೈಗೆ ಸಿಕ್ಕ ದಾರದಲ್ಲೇ ಹೊಲಿದುಬಿಟ್ಟಿದ್ದರು. ಒಳಗೆ ನಲ್ಲಿಯ ವಾಷರ್ರು, ಸವೆದ ಸಾಬೂನಿನ ಚೂರು, ಸೋಡಾ ಬಾಟಲಿಯ ಮುಚ್ಚಳ, ಒಂದೆರಡು ಗುಂಡಿ. ಪಾಠದ ನಡುವೆ ಅದರಲ್ಲೊಂದನ್ನು ತೆಗೆದು ನಮ್ಮ ಮುಂದಿಟ್ಟು, "ಇದನ್ನ ಮಾಡುವಾಗ ಏನು ವೇಸ್ಟ್ ಆಯ್ತು, ಸೊಲ್ಲಮ್ಮಾ, ಹೇಳಮ್ಮಾ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆ ಅದು. ಅಪ್ಪನಿಗೆ ಮೈಸೂರಿನಿಂದ ಚೆನ್ನೈಗೆ ವರ್ಗವಾಗಿತ್ತು. ನಾನು ಪ್ಯಾರೀಸ್ ಕಾರ್ನರಿನ ಒಂದು ಆಫೀಸಿನಲ್ಲಿ ಟೈಪಿಸ್ಟು. ಎಂ.ಕಾಂ. ಮುಗಿಸಿದರೆ ಎಲ್ಲಾದರೂ ಅಕೌಂಟ್ಸ್ ಆಫೀಸರ್ ಆದೇನು ಎಂದು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣಕ್ಕೆ ಸೇರಿದ್ದೆ. ಉಳಿದೆಲ್ಲ ವಿಷಯ ಹೇಗೋ ಬಂತು, ತಯಾರಿಕೆಯ ಖರ್ಚು ಲೆಕ್ಕ ಹಾಕುವ ಕಾಸ್ಟಿಂಗ್ ಮಾತ್ರ ತಲೆಗೆ ಹತ್ತಲಿಲ್ಲ. ಬೆಸೆಂಟ್ ನಗರದಲ್ಲಿ ಕನ್ನಡ ಬಲ್ಲ ಮೇಷ್ಟ್ರೊಬ್ಬರು ಬೆಳಿಗ್ಗೆ ಆರಕ್ಕೆ ತಾರಸಿಯ ಮೇಲೆ ಪಾಠ ಹೇಳುತ್ತಾರೆಂದು ಯಾರೋ ಹೇಳಿದರು, ಹೋದೆ.

ಅವರ ಮನೆತನ ಮೂರು ತಲೆಮಾರಿನಿಂದ ಚೆನ್ನೈಯಲ್ಲಿತ್ತು. ಅರ್ಧ ಕನ್ನಡ, ಅರ್ಧ ತಮಿಳು. ಯಾರು ಏನು ಹೇಳಿದರೂ ಹುಬ್ಬೇರಿಸಿ "ಅಪ್ಪುರಂ?" ಅನ್ನುವರು, ಆಮೇಲೇನಾಯ್ತು, ಅಂತ. ಆ ಒಂದು ಮಾತಿಗೆ ನಾನು ಮೊದಲ ದಿನವೇ ನಮ್ಮ ಮನೆ ಕಥೆಯೆಲ್ಲ ಹೇಳಿಬಿಟ್ಟಿದ್ದೆ.

ಪುಸ್ತಕದ ಲೆಕ್ಕ ಹೀಗಿತ್ತು: ಒಂದು ಕಂಪನಿ 'ಎ' ಎಂಬ ವಸ್ತು ತಯಾರಿಸುತ್ತದೆ, ನೂರು ಕಿಲೋ ಹಾಕಿದರೆ ತೊಂಬತ್ತು ಬರುತ್ತದೆ, ಹತ್ತು ಕಿಲೋ ಸಹಜ ನಷ್ಟ. ನಾನು ಕೋಷ್ಟಕ ಗೀಚಲು ಹೊರಟೆ. ಮೇಷ್ಟ್ರು ನನ್ನ ಪೆನ್ಸಿಲ್ ಹಿಡಿದು ನಿಲ್ಲಿಸಿದರು.

"ಎ ಅಂದ್ರೆ ಏನು?"

"ಎ ಅಂದ್ರೆ ಎ, ಸಾರ್."

"ಹೆಸರಿಲ್ಲದ ಸಾಮಾನು ಯಾರಮ್ಮಾ ಕೊಂಡ್ಕೊಳ್ತಾರೆ? ಶರಿ, ಕರ್ಪೂರ ಅಂತಿಟ್ಕೋ. ಆ ಹತ್ತು ಕಿಲೋ ಎಲ್ಲಿ ಹೋಯ್ತು? ಆವಿ ಆಯ್ತಾ, ಚೆಲ್ಲಿತಾ, ಯಾರಾದ್ರೂ ಮನೆಗೆ ಎತ್ಕೊಂಡ್ ಹೋದ್ರಾ?"

ಇಂಥ ಪ್ರಶ್ನೆಗೆ ಪರೀಕ್ಷೆಯಲ್ಲಿ ಅರ್ಧ ಅಂಕವೂ ಇಲ್ಲ ಎಂದು ನನಗೆ ಸಿಟ್ಟು ಬಂತು. ಆದರೆ ಮುಂದಿನ ಭಾನುವಾರ ಅವರು ನಮ್ಮನ್ನೆಲ್ಲ ಪ್ಯಾರೀಸ್ ಕಾರ್ನರಿನ ಕರ್ಪೂರದ ಸಗಟು ಅಂಗಡಿಗೆ ಕರೆದುಕೊಂಡು ಹೋದರು. ಡಬ್ಬದ ತೂಕ ತಿಂಗಳಿಗೆ ಎಷ್ಟು ಇಳಿಯುತ್ತದೆ, ಬೇಸಿಗೆಯಲ್ಲಿ ಎಷ್ಟು, ಬಿಗಿ ಮುಚ್ಚಳವಾದರೆ ಎಷ್ಟು ಎಂದು ಮಾಲೀಕನನ್ನು ಕೇಳಿದ್ದೇ ಕೇಳಿದ್ದು. ಆ ಮನುಷ್ಯ ಬೆವರು ಒರೆಸಿಕೊಂಡು, "ಸಾರ್, ನೀಂಗ ಸೇಲ್ಸ್ ಟ್ಯಾಕ್ಸಾ?" ಎಂದು ನಮಗೆಲ್ಲ ಕಾಫಿ ತರಿಸಿದ. ಮೇಷ್ಟ್ರು ಕಾಫಿ ಕುಡಿದು ಲೋಟ ಬೋರಲು ಹಾಕಿ ಅದರ ಅಂಚು ನೋಡಿದರು. ದಿನಾ ಹಾದುಹೋಗುತ್ತಿದ್ದ ಬೀದಿ ಅದು. ಅಲ್ಲಿ ಇಷ್ಟೊಂದು ಕೇಳುವಂಥದ್ದು ಇದೆಯೆಂದು ನನಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ.

"ಬೆಂಡೆಕಾಯಿ ತನ್ನಿ ಅಂತ ಕಳಿಸಿದ್ರೆ ಅದು ಯಾವ ಊರಿಂದ ಬಂತು ಅಂತ ಕೇಳ್ಕೊಂಡ್ ಬರ್ತಾರೆ. ಬೆಂಡೆಕಾಯಿ ಮಾತ್ರ ಬರಲ್ಲ" ಎಂದು ಅವರ ಹೆಂಡತಿ ನಮ್ಮೆದುರೇ ಚುಚ್ಚುತ್ತಿದ್ದರು.

ಒಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಎಂ.ಕಾಂ. ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮೇಷ್ಟ್ರದೇ ಎಂ.ಕಾಂ. ಮುಗಿದಿರಲಿಲ್ಲ! ಒಂದೇ ಒಂದು ವಿಷಯ ವರ್ಷಗಳಿಂದ ಅರಿಯರ್ಸ್ ಉಳಿದಿತ್ತು, ಅದೂ ಕಾಸ್ಟಿಂಗು. ಐದು ಲೆಕ್ಕ, ಮೂರು ಗಂಟೆ. ಎರಡನೆಯ ಲೆಕ್ಕದ ಕಂಪನಿಗೆ ಯಾಕೆ ನಷ್ಟವಾಯಿತೆಂದು ಇವರು ಯೋಚಿಸುತ್ತ ಕೂತಿರುವಾಗಲೇ ಕೊನೆಯ ಗಂಟೆ ಹೊಡೆಯುತ್ತಿತ್ತು. ಕೈಗಡಿಯಾರವೂ ಇರಲಿಲ್ಲ. ಒಳಗೇನಿದೆ ನೋಡೋಣವೆಂದು ಬಿಚ್ಚಿದ್ದನ್ನು ಮತ್ತೆ ಸೇರಿಸಿರಲಿಲ್ಲ.

ಆ ವರ್ಷ ಮಾತ್ರ ಹುಡುಗಾಟವಲ್ಲ. ಹಳೆಯ ಸಿಲಬಸ್ಸಿಗೆ ಅದೇ ಕೊನೆಯ ಪರೀಕ್ಷೆ, ತಪ್ಪಿದರೆ ಎಲ್ಲವನ್ನೂ ಮೊದಲಿಂದ ಬರೆಯಬೇಕು. ಊರಿನ ಒಂದು ಈವ್ನಿಂಗ್ ಕಾಲೇಜಿನವರು ಮೇಷ್ಟ್ರಿಗೆ, ಎಂ.ಕಾಂ. ಸರ್ಟಿಫಿಕೇಟ್ ತಂದರೆ ಜೂನ್‌ನಿಂದ ಲೆಕ್ಚರರ್ ಕೆಲಸ ಎಂದಿದ್ದರು. ಐವತ್ತು ದಾಟಿದ ಮನುಷ್ಯ, ಬಾಡಿಗೆ ಮನೆ. ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು, "ಹೇಗಾದ್ರೂ ಮಾಡಿ ಐದೂ ಲೆಕ್ಕ ಮುಟ್ಟೋ ಹಾಗೆ ಮಾಡಮ್ಮಾ" ಎಂದರು.

ಪರೀಕ್ಷೆಗೆ ಕೂರುವ ನಂಬರಿನ ಪಟ್ಟಿ ಹಾಕಿದಾಗ ನೋಡಿದರೆ ಅರಿಯರ್ಸ್‌ನವರ ಸಾಲು ನಮ್ಮ ಪಕ್ಕದಲ್ಲೇ, ಮೇಷ್ಟ್ರು ನನಗಿಂತ ಒಂದು ಬೆಂಚು ಮುಂದೆ. ಉಪಾಯ ಹೊಳೆಯಿತು. ಅರ್ಧ ಗಂಟೆಗೊಮ್ಮೆ ನಾನು ಕೆಮ್ಮುವುದು, ಕೇಳಿದ ತಕ್ಷಣ ಅವರು ಎಲ್ಲಿದ್ದರೂ ಬಿಟ್ಟು ಮುಂದಿನ ಲೆಕ್ಕಕ್ಕೆ ಹೋಗುವುದು. ಕಾಪಿ ಅಲ್ಲವಲ್ಲ, ಬರೀ ಕೆಮ್ಮು. ಮೇಷ್ಟ್ರು ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು. ಉಪಾಯ ಕೇಳಿ ಅವರ ಹೆಂಡತಿಯೂ ಒಮ್ಮೆ ಕೆಮ್ಮಿ ತೋರಿಸಿ ನಕ್ಕರು.

ಮೊದಲ ಅರ್ಧ ಗಂಟೆಗೆ ಕೆಮ್ಮಿದೆ. ಅವರು ಪುಟ ತಿರುವಿದರು. ಗೆದ್ದೆವು ಅನ್ನಿಸಿತು. ನಾನೂ ಎರಡನೆಯ ಲೆಕ್ಕಕ್ಕೆ ಬಂದೆ. ಪ್ರತಿ ತಿಂಗಳೂ ನೂರಕ್ಕೆ ಹತ್ತು ಕಿಲೋ ಕಳೆದುಕೊಳ್ಳುವ ಕಂಪನಿ, ಒಂದು ತಿಂಗಳು ಮಾತ್ರ ನಾಲ್ಕೇ ಕಳೆದುಕೊಂಡಿದೆ. ಇದಕ್ಕೆ ಅಸಹಜ ಲಾಭ ಎಂದು ಹೆಸರು. ಸೂತ್ರ ಗೊತ್ತಿತ್ತು, ಹತ್ತು ನಿಮಿಷದ ಕೆಲಸ. ಆದರೆ ನನ್ನ ಪೆನ್ನು ನಿಂತಿತು. ಆ ತಿಂಗಳು ಅಂಥದ್ದೇನಾಯಿತು? ಆರು ಕಿಲೋ ಹೇಗೆ ಉಳಿಯಿತು? ಮಳೆಗಾಲವೇ? ಯಾರಾದರೂ ಮುಚ್ಚಳ ಬದಲಾಯಿಸಿದರೇ? ಪ್ಯಾರೀಸ್ ಕಾರ್ನರಿನ ಆ ಡಬ್ಬಗಳು ಕಣ್ಣ ಮುಂದೆ ಬಂದವು.

ತಲೆಯೆತ್ತಿದಾಗ ಎರಡು ಗಂಟೆ ಕಳೆದಿತ್ತು. ನಾನು ಕೆಮ್ಮಿರಲೇ ಇಲ್ಲ. ಮುಂದಿನ ಬೆಂಚಿನಲ್ಲಿ ಮೇಷ್ಟ್ರು ಗಲ್ಲಕ್ಕೆ ಕೈಕೊಟ್ಟು ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ಕ್ಷಯ ಹಿಡಿದವಳಂತೆ ಕೆಮ್ಮಿದೆ. ಕಾಲ ಮಿಂಚಿತ್ತು. ಅವರು ಮೂರು ಲೆಕ್ಕವೂ ಪೂರ್ತಿ ಮಾಡಲಿಲ್ಲ. ನಾನು ಗೀಚಿ ಗೀಚಿ ಹೇಗೋ ನಾಲ್ಕು ಮುಗಿಸಿದೆ.

ಹೊರಗೆ ಮೆಟ್ಟಿಲ ಮೇಲೆ ಅಳುತ್ತ ತಪ್ಪೊಪ್ಪಿಕೊಂಡೆ. ಅವರು ಕೇಳಿಸಿಕೊಂಡು, "ಎರಡನೇ ಲೆಕ್ಕದಲ್ಲಾ? ಅಪ್ಪುರಂ? ಏನ್ ಅಂದ್ಕೊಂಡೆ?" ಎಂದರು.

"ಮುಚ್ಚಳ ಬದಲಾಯ್ಸಿರ್ಬೇಕು ಅಂತ, ಸಾರ್."

"ಮುಚ್ಚಳ!" ಅವರ ಮುಖ ಅರಳಿತು. "ನನಗೆ ಹೊಳೀಲೇ ಇಲ್ಲ ನೋಡು. ನಾನು ಯಾರೋ ಹೊಸ ಕೆಲಸದವಳು ಬಂದಿರ್ಬೇಕು ಅಂತ ಕೂತಿದ್ದೆ."

ಇಬ್ಬರೂ ಒಂದೇ ಲೆಕ್ಕದಲ್ಲಿ ಕಳೆದುಹೋಗಿದ್ದೆವು. ನಾನು ಪಾಸಾದೆ, ಅವರು ಆಗಲಿಲ್ಲ. ಲೆಕ್ಚರರ್ ಕೆಲಸ ಬೇರೆಯವರಿಗೆ ಹೋಯಿತು. ಅವರ ಹೆಂಡತಿಯ ಮುಖ ನೋಡುವ ಧೈರ್ಯ ನನಗೆ ಎಷ್ಟೋ ತಿಂಗಳು ಬರಲಿಲ್ಲ.

ಮುಂದೆ ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ ಕಾಸ್ಟಿಂಗ್ ವಿಭಾಗಕ್ಕೇ ಸೇರಿದೆ. ಇಂಟರ್‌ವ್ಯೂನಲ್ಲಿ ನನಗೊಂದು ಲೆಕ್ಕ ಕೊಟ್ಟಾಗ, "ಈ ವಸ್ತು ಏನು?" ಎಂದು ಕೇಳಿದ್ದು ನಾನೊಬ್ಬಳೇ ಅಂತೆ. ಅದಕ್ಕೇ ಕೆಲಸ ಕೊಟ್ಟೆವು ಎಂದು ನನ್ನ ಮೇಲಿನವರು ಆಮೇಲೆ ಹೇಳಿದರು. ಇದನ್ನು ಮೇಷ್ಟ್ರಿಗೆ ಹೇಳಲು ನನಗೆ ನಾಚಿಕೆ. ಅವರ ಅನ್ನ ನಾನು ತಿನ್ನುತ್ತಿದ್ದೇನೆ ಅನ್ನಿಸುತ್ತಿತ್ತು.

ಕೆಲವು ವರ್ಷಗಳ ಮೇಲೆ ಅವರು ಆಸ್ಪತ್ರೆ ಸೇರಿದಾಗ ನೋಡಲು ಹೋದೆ. ಡ್ರಿಪ್ಪಿನ ಕೊಳವೆ ಎಲ್ಲಿ ತಯಾರಾಗುತ್ತದೆಂದು ನರ್ಸನ್ನು ವಿಚಾರಿಸುತ್ತಿದ್ದರು. ಅವತ್ತು ಇಂಟರ್‌ವ್ಯೂ ಕಥೆ ಹೇಳಿ, "ನಾನು ಕೆಮ್ಮಿದ್ರೆ ನೀವು ಪಾಸಾಗ್ತಿದ್ರಿ ಸಾರ್" ಎಂದೆ.

"ಆಗ್ತಿದ್ದೆ," ಎಂದರು. ಸಮಾಧಾನಕ್ಕಾದರೂ ಇಲ್ಲ ಅನ್ನಲಿಲ್ಲ. ಸ್ವಲ್ಪ ಉಸಿರು ತೆಗೆದುಕೊಂಡು, "ಆದ್ರೆ ಕೆಮ್ಮೋದು ನೆನಪಿದ್ದಿದ್ರೆ ನನ್ನ ಪಾಠದಲ್ಲಿ ನೀನು ಫೇಲು" ಎಂದು ನಕ್ಕರು. ಮರುವಾರ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ದಿನ ಅವರ ಹೆಂಡತಿ ದೇವರ ಮುಂದೆ ಕರ್ಪೂರ ಹಚ್ಚಲು ಹೇಳಿದರು. ಡಬ್ಬ ತೆಗೆದರೆ ತಳದಲ್ಲಿ ನಾಲ್ಕೇ ಬಿಲ್ಲೆ. "ಹೋದ ತಿಂಗಳು ತಂದಿದ್ದಲ್ಲಾ, ಯಾರೂ ಮುಟ್ಟಿಲ್ಲ" ಎಂದು ಅವರು ಗೊಣಗಿದರು. ನಾನು ಕರ್ಪೂರ ಹಚ್ಚುವುದು ಬಿಟ್ಟು ಮುಚ್ಚಳವನ್ನು ತಿರುಗಿಸಿ ಅಂಚು ನೋಡತೊಡಗಿದೆ. ಎಷ್ಟು ಹೊತ್ತು ನೋಡಿದೆನೋ, ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಮೇಷ್ಟ್ರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು, ನಗುತ್ತ ಅಳುತ್ತ ನಿಂತಿದ್ದರು.