ಗಿಡ್ಡ ನಿಲ್ಲುತ್ತಿದ್ದ ಬಾಗಿಲು

ನಾನು ಓದು ಬಿಟ್ಟಿದ್ದು ತೊಂಬತ್ತನಾಲ್ಕರಲ್ಲಿ, ಏಳನೇ ಕ್ಲಾಸಿನ ನಡುವೆ. ಒಂದು ತಟ್ಟು ಕುದುರೆ ಕೆಲಸ ಚೆನ್ನಾಗಿ ಕಲಿತಿದ್ದಕ್ಕೆ ನನ್ನ ಸ್ಕೂಲು ನಿಂತಿತು ಅಂದರೆ ಜನ ನಗುತ್ತಾರೆ. ನಗಲಿ. ಇವತ್ತಿಗೂ ಯಾರ ಮನೆಯಿಂದಾದರೂ ಹುರುಳಿ ಬೇಯುವ ವಾಸನೆ ಬಂದರೆ ನಾನು ಬೀದಿಯಲ್ಲೇ ನಿಂತುಬಿಡುತ್ತೇನೆ. ಬೇಗೂರಿನಾಚೆ ಸಾವುಕಾರರ ಕುದುರೆ ತೋಟ, ಲಾಯದ ಗೋಡೆಗೆ ಒತ್ತಿಕೊಂಡಿದ್ದ ನಮ್ಮ ಹೆಂಚಿನ ಮನೆ, ರಾತ್ರಿಯೆಲ್ಲ ಗೋಡೆಯಾಚೆ ಕುದುರೆಗಳು ಸೀನುವ ಸದ್ದು, ಎಲ್ಲಾ ಆ ವಾಸನೆ ಹಿಂದೆಯೇ ಬರುತ್ತವೆ. ಲಾಯದಲ್ಲಿ ದೊಡ್ಡ ಹಂಡೆಗೆ ಹುರುಳಿ ಹಾಕಿ ಬೇಯಿಸುತ್ತಿದ್ದರು. ಕಾಳು ರೇಸು ಮುಗಿಸಿ ಬಂದ ಎತ್ತರದ ಕುದುರೆಗಳಿಗೆ. ಬಸಿದ ಕಟ್ಟು ನಮಗೆ. ಅವ್ವ ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡಿದರೆ, ಮುದ್ದೆ ತಾನಾಗಿ ಇಳಿಯುತ್ತಿತ್ತು. ಅಂಥ ಮನೆ ನಿಮಗೂ ಒಂದಿದ್ದರೆ ನಾನು ಹೇಳುವುದು ಗೊತ್ತಾಗುತ್ತದೆ.

ಟ್ರ್ಯಾಕ್ಟರಿಗೆ ಡೀಸೆಲ್ ಬೇಕು, ಎತ್ತಿಗೆ ಬೇರೆ ಮೇವು ಬೇಕು ಅಂತ ಲೆಕ್ಕ ಹಾಕಿ ಸಾವುಕಾರರು ತೆರಕಣಾಂಬಿ ಸಂತೆಯಿಂದ ಒಂದು ತಟ್ಟು ತಂದರು. ದೊಡ್ಡ ಕುದುರೆಗಳು ಮೂಸಿ ನೋಡಿ ಬಿಟ್ಟ ಕಡ್ಡಿಯೇ ಅದರ ಊಟ. ನನ್ನ ಎದೆಮಟ್ಟ ಇತ್ತು, ಹೊಟ್ಟೆ ಮಾತ್ರ ಗುಡಾಣ. ಅಪ್ಪ ಗಿಡ್ಡ ಅಂತ ಕರೆದ. ಅವ್ವ ಮರ್ಯಾದೆ ಕೊಟ್ಟು ಗಿಡ್ಡಪ್ಪ ಅಂದಳು. ಅದನ್ನು ಸಣ್ಣ ಗಾಡಿಗೆ ಕಟ್ಟಿ ಲಾಯದ ಲದ್ದಿಯನ್ನು ತಿಪ್ಪೆಗೆ ಹೊಡೆಯುವುದು, ತಿಪ್ಪೆಯಿಂದ ಹುಲ್ಲಿನ ಹೊಲಕ್ಕೆ ಹೋಗಿ ಹಸಿ ಹುಲ್ಲು ತರುವುದು, ಇದೇ ಅಪ್ಪನ ಕೆಲಸ. ತುಂಬುವುದಕ್ಕೆ, ಇಳಿಸುವುದಕ್ಕೆ ಹೆಣ್ಣಾಳುಗಳಿದ್ದರು. ಅಪ್ಪನಿಗೆ ಸುಮ್ಮನೆ ಹಗ್ಗ ಹಿಡಿದು ನಡೆಯುವುದು ಬೇಜಾರು. ನಿಂತ ಕಡೆಯಲ್ಲೆಲ್ಲ ಒಂದು ಹಿಡಿ ಬೆಂದ ಹುರುಳಿ ತಿನ್ನಿಸಿ, ಬೆನ್ನು ತಟ್ಟಿ, ‘ಓಗ್ಲಾ’ ಅಂದು ಅಂದು, ಆ ದಾರಿಯನ್ನು ಗಿಡ್ಡನ ಕಾಲಿಗೇ ಕಲಿಸಿಬಿಟ್ಟ. ದಾರಿಯ ನಡುವೆ ನಮ್ಮ ಮನೆ. ಗಿಡ್ಡ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿತ್ತು, ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಒಂದು ಹಿಡಿ ಕೊಡುತ್ತಿದ್ದಳು, ಆಮೇಲೆ ತಾನೇ ಹೊರಡುತ್ತಿತ್ತು. ಅದರ ನಾಲಗೆಯ ಬಿಸಿ ನನ್ನ ಅಂಗೈಗೆ ಇನ್ನೂ ನೆನಪಿದೆ.

ಒಂದು ಭಾನುವಾರ ಸಾವುಕಾರರ ನೆಂಟರು ಕುದುರೆ ನೋಡಲು ಬಂದರು. ಅಪ್ಪ ತೊಳೆದ ಅಂಗಿ ಹಾಕಿಕೊಂಡು, ‘ಒಸಿ ಇಲ್ನೋಡಿ ಬುದ್ಧೀ’ ಅಂತ ಗಿಡ್ಡನ ಬೆನ್ನು ತಟ್ಟಿದ. ಗಾಡಿ ಒಂಟಿಯಾಗಿ ಹೋಯಿತು, ತಿಪ್ಪೆಯಲ್ಲಿ ನಿಂತಿತು, ಹುಲ್ಲು ಹೊತ್ತು ತಿರುಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರಲ್ಲಿ ಒಬ್ಬ ಸಿಗರೇಟು ಎಳೆಯುತ್ತಾ ಅಪ್ಪನ ಕಡೆ ತೋರಿಸಿ, ‘ಅಲ್ಲ ಮಾವ, ಗಿಡ್ಡನೇ ಎಲ್ಲಾ ಮಾಡ್ತಾನೆ. ಈ ಉದ್ದನೋನು ಯಾಕೆ?’ ಅಂದ. ಎಲ್ಲರೂ ನಕ್ಕರು. ನಮ್ಮಪ್ಪನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ.

ಮಾರನೇ ವಾರ ಸಾವುಕಾರರು ಅಪ್ಪನನ್ನು ಕರೆದು, ‘ನೀನೇ ಕಲಿಸಿದ್ದು ಕಣಯ್ಯ, ನನ್ ಮೇಲೆ ಬೇಜಾರು ಮಾಡ್ಕಬೇಡ’ ಅಂದರಂತೆ. ನಾವು ಪಾತ್ರೆ ಕಟ್ಟಿಕೊಂಡು ಚಾಮರಾಜನಗರದ ಕಡೆ ಕರಿಕಲ್ಲು ಕ್ವಾರಿಗೆ ಹೋದೆವು. ಅಪ್ಪ ಕಲ್ಲು ಒಡೆದ, ನಾನು ನೀರು ಹೊತ್ತೆ. ಬ್ಯಾಗಿನಲ್ಲಿದ್ದ ಪುಸ್ತಕ ಇಲಿಗಳ ಪಾಲಾಯಿತು.

ವರ್ಷ ಕಳೆದ ಮೇಲೆ, ತೋಟದಲ್ಲಿ ಲದ್ದಿ ತುಂಬುತ್ತಿದ್ದ ರಾಜಮ್ಮ ನಮ್ಮನ್ನು ಹುಡುಕಿಕೊಂಡು ಬಂದಳು. ಅವ್ವನ ಪಕ್ಕ ಕೂತು ಎಲೆ ಅಡಿಕೆ ಹಾಕುತ್ತಾ ಹೇಳಿದಳು. ‘ನೀವು ಒಂಟೋದ್ಮೇಲೆ ಅದು ಬೀಗ ಹಾಕಿದ್ ಬಾಗ್ಲು ಮುಂದೆ ನಿಂತ್ಬುಡೋದು ಕಣಕ್ಕಾ. ಹೊಡುದ್ರೂ ಕಾಲೆತ್ತಲ್ಲ. ಬೆನ್ನೆಲ್ಲಾ ಹುಣ್ಣು. ಈ ಮನೆ ಇದ್ರೇ ತಾನೇ ನಿಲ್ಲೋದು ಅಂತ ಸಾವುಕಾರ್ರು ಮನೇನೇ ಕೆಡವಿಸ್ಬುಟ್ರು.’

‘ಆಮೇಲೆ?’ ಅವ್ವ ಕೇಳಿದಳು.

‘ಬರೀ ನೆಲದ್ ಮುಂದೇನೂ ನಿಂತ್ಕತು. ಕೊನೇಗೆ ಕೇರಳದ್ ಕಡೆ ಓಗೋ ದನದ್ ಲಾರಿಗೆ ಕೊಟ್ಬುಟ್ರು.’

ಅಲ್ಲಿಯವರೆಗೆ ಅಪ್ಪ ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡಿದ್ದ. ‘ಲಾರಿಗೆ ಎಂಗಮ್ಮಿ ಹತ್ಸುದ್ರು? ಅದು ಅಷ್ಟು ಸುಲಭಕ್ಕೆ ಹತ್ತದಲ್ಲ’ ಅಂದ.

‘ಒಂದ್ ಹಿಡಿ ಹುರುಳಿ ತೋರ್ಸಿ ಬೆನ್ನು ತಟ್ಟುದ್ರು ಕಣಣ್ಣ. ತಾನೇ ಹತ್ಕಂಡು ಓಯ್ತು.’

ಅಪ್ಪ ಎದ್ದು ಹೊರಗೆ ಹೋದ. ಅವತ್ತಿನಿಂದ ನಮ್ಮ ಮನೆಯಲ್ಲಿ ಹುರುಳಿ ಬೇಯಿಸಲಿಲ್ಲ. ಅಪ್ಪ ತೀರಿಹೋದ ಮೇಲೂ ಇಲ್ಲ.

ತೋಟ ಈಗ ಸೈಟುಗಳಾಗಿದೆ. ನಮ್ಮ ಬಾಗಿಲಿದ್ದ ಜಾಗ ಯಾವುದು ಅಂತ ನನಗೂ ಗೊತ್ತಾಗುವುದಿಲ್ಲ. ಗಿಡ್ಡನನ್ನು ಅಲ್ಲಿ ಬಿಟ್ಟಿದ್ದರೆ ಅದಕ್ಕೆ ಗೊತ್ತಾಗುತ್ತಿತ್ತೇನೋ. ನಾನು ಈಗ ಯಾರ ಹಂಗಿನಲ್ಲೂ ಇಲ್ಲ. ಒಂದು ಮನೆ, ಬಾಗಿಲು ನನ್ನದೇ. ಎರಡು ಎಕರೆ ಹೊಲ. ಒಂದು ಗೂಡ್ಸ್ ಆಟೋ. ಎರಡು ಎತ್ತು, ಎರಡಕ್ಕೂ ಹಗ್ಗ ಹಿಡಿದು ಮುಂದೆ ನಡೆಯುವವನು ನಾನೇ.