ನಾದಿನಿಯ ಎರಡು ಗುಡ್ಡಗಳು

ನನ್ನ ನಾದಿನಿಗೆ ಹಸುವಿನ ಕೆಚ್ಚಲಿಗೆ ಕೈ ಹಾಕಲು ಬರುತ್ತಿರಲಿಲ್ಲ. ಆದರೆ ಅದರ ರಕ್ತದ ಒಂದು ಹನಿ ಸಿಕ್ಕರೆ ಸಾಕು, ಏಳು ತಲೆಮಾರು ಜಾಲಾಡಿಬಿಡುತ್ತಿದ್ದಳು. ಇಬ್ಬರೂ ಹಸುಗಳ ತಳಿ ಬೆಳೆಸುವ ಒಂದೇ ಕೇಂದ್ರದಲ್ಲಿ ಕೆಲಸಕ್ಕಿದ್ದೆವು. ಕೊಟ್ಟಿಗೆಯಲ್ಲಿ ಹಾಲು ಕರೆಯುವವಳು ನಾನು, ಮಹಡಿಯ ಮೇಲೆ ಕಂಪ್ಯೂಟರ್ ಮುಂದೆ ಲೆಕ್ಕ ಹಾಕುವವಳು ಅವಳು. ನನ್ನ ಯಜಮಾನರು ಹೋದ ಮೇಲೆ ನಮ್ಮದು ಒಂದೇ ಮನೆ, ಒಂದೇ ಒಲೆ.

ಅವಳ ಲೆಕ್ಕ ನನಗೆ ತಿಳಿದದ್ದು ಇಷ್ಟು: ಒಂದೊಂದು ಗುಣಕ್ಕೂ ವಂಶವಾಹಿಗಳ ಸಾಲಿನಲ್ಲಿ ಜಾಗವಿರುತ್ತದಂತೆ. ಆ ಜಾಗ ಸಿಕ್ಕ ಕಡೆ ಕಾಗದದ ಮೇಲಿನ ಗೆರೆ ಗುಡ್ಡದ ಹಾಗೆ ಏಳುತ್ತದೆ. ಉಳಿದವರು ಹಾಲಿನದ್ದು ಬೇರೆ, ಕಾಲಿನದ್ದು ಬೇರೆ ಹುಡುಕಿದರೆ, ಇವಳು ಎಲ್ಲ ಗುಣಗಳನ್ನೂ ಒಟ್ಟಿಗೆ ಕೂರಿಸಿ ಹುಡುಕುತ್ತಿದ್ದಳು. ಮೂರು ವರ್ಷ ತಲೆ ಕೆಡಿಸಿಕೊಂಡು, ಒಂದು ಮಧ್ಯಾಹ್ನ ಊಟದ ತಟ್ಟೆ ಸರಿಸಿ ಕಾಗದ ಹರಡಿದಳು. ಗೊರಸು ಹುಣ್ಣಾಗುವ ಗುಡ್ಡವೂ ಹಾಲಿನ ಗುಡ್ಡವೂ ಒಂದೇ ಜಾಗದಲ್ಲಿ ಎದ್ದಿದ್ದವು. ಅಂದರೆ ಕುಂಟುವ ವಂಶಕ್ಕೇ ಹಾಲು ಹೆಚ್ಚು. ಮರುದಿನ ಕೇಂದ್ರದ ಸಾಹೇಬರ ಮುಂದೆ ಇದನ್ನಿಟ್ಟರೆ, ಹಾಲಿನಾಸೆಗೆ ಅವರು ಆ ವಂಶದ ಹೋರಿಯನ್ನೇ ತಳಿಗೆ ಉಳಿಸಿಕೊಳ್ಳುವವರು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವಳ ಲೆಕ್ಕಕ್ಕೆ ಕೊಟ್ಟಿಗೆಯಲ್ಲಿ ತೂಗುತ್ತಿದ್ದದ್ದು ಬೆಳಗಿನ ಹಾಲು ಮಾತ್ರ. ಕುಂಟುವ ಹಸುಗಳು ಇನ್ನಷ್ಟು ಹೊತ್ತು ಮಲಗಿರಲಿ ಅಂತ ಬೆಳಿಗ್ಗೆ ಅವುಗಳ ಹಾಲನ್ನು ಎಲ್ಲಕ್ಕಿಂತ ಕೊನೆಗೆ ಕರೆಯುತ್ತಿದ್ದೆ. ಬೇಗ ಮಲಗಲಿ ಅಂತ ಸಂಜೆ ಎಲ್ಲಕ್ಕಿಂತ ಮೊದಲು ಕರೆಯುತ್ತಿದ್ದೆ. ಸಂಜೆಯಿಂದ ಬೆಳಗಿನ ನಡುವೆ ಉಳಿದ ಹಸುಗಳಿಗಿಂತ ನಾಲ್ಕು ಗಂಟೆ ಹೆಚ್ಚು ಸಿಕ್ಕರೆ ಕೆಚ್ಚಲು ತುಂಬದೆ ಇರುತ್ತದೆಯೇ? ನನ್ನ ಕನಿಕರ ಅವಳ ಲೆಕ್ಕದೊಳಗೆ ಹೊಕ್ಕು ಕೂತಿತ್ತು. ಹೇಳಿದರೆ ಮೂರು ವರ್ಷದ ದುಡಿಮೆ ನೀರುಪಾಲು. ಹೇಳದಿದ್ದರೆ ಹುಟ್ಟುವ ಕರುಗಳ ಕಾಲಿಗೆ ಕುತ್ತು. ಹೇಳಿಬಿಟ್ಟೆ.

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ಅತ್ತಿಗೆ?" ಅಂದಳು.

"ಎಷ್ಟು ಹಾಲು ಅಂತ ನೀನು ಕೇಳ್ದೆ, ನಾನು ಹೇಳ್ದೆ. ಎಷ್ಟೊತ್ತಿಗೆ ಕರೆದೆ ಅಂತ ಒಂದಿನನಾದ್ರೂ ಕೇಳಿದ್ಯಾ?"

ಅವಳು ಮುಖ ಊದಿಸಿಕೊಂಡು ಎದ್ದು ಕೈ ತೊಳೆದಳು. ಆಮೇಲೆ ಸಾಹೇಬರಲ್ಲಿ ಒಂದು ತಿಂಗಳು ಸಮಯ ಕೇಳಿ ಬಂದು, ಪೆನ್ನು ಹಿಡಿದು ನನ್ನೆದುರು ಕೂತಳು. ಯಾವ ಹಸು ಯಾವಾಗಿನಿಂದ ಕುಂಟಿತು, ಯಾವಾಗ ಸರಿಹೋಯಿತು ಅನ್ನುವುದೆಲ್ಲ ನನ್ನ ನಾಲಿಗೆ ತುದಿಯಲ್ಲೇ ಇತ್ತು. ನಾನು ಹೇಳಿದೆ, ಅವಳು ಬರೆದಳು. ಕರೆದ ಸರದಿಯನ್ನೂ ಸೇರಿಸಿ ಹೊಸದಾಗಿ ಲೆಕ್ಕ ಹಾಕಿದಾಗ ಗೊರಸಿನ ಗುಡ್ಡ ಅಲ್ಲಾಡದೆ ನಿಂತಿತು, ಹಾಲಿನ ಗುಡ್ಡ ನೆಲಸಮವಾಯಿತು. ಸಾಹೇಬರು ಗಟ್ಟಿ ಕಾಲಿನ ವಂಶದ ಹೋರಿಯನ್ನು ಆರಿಸಿದರು. ಅದರ ಹೆಣ್ಣುಗರುಗಳು ಬೆಳೆದು ಹಸುಗಳಾದಾಗ ಹಾಲೇನೂ ಕಡಿಮೆಯಾಗಲಿಲ್ಲ.

ಅಂದಿನಿಂದ ಯಾವ ಹೊಸ ಲೆಕ್ಕಕ್ಕೆ ಕೈ ಹಾಕುವುದಿದ್ದರೂ ಅವಳು ಮೊದಲು ಒಂದು ವಾರ ಕೊಟ್ಟಿಗೆಯಲ್ಲಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಹಾಲು ಕರೆಯುವುದನ್ನು ಮಾತ್ರ ಕೊನೆಗೂ ಕಲಿಯಲಿಲ್ಲ.