ಪಕ್ಕದ ಮನೆಯ ಅಜ್ಜಿಯ ಫ್ರೆಂಚ್

ಕಳೆದ ಶನಿವಾರ ಮಗಳ ಸ್ಕೂಲಿನ ಮೇಳದಲ್ಲಿ ಯಾರೋ ಬಿಸಿ ಪ್ಯಾನ್‌ಕೇಕ್ ಮೇಲೆ ಮೇಪಲ್ ಸಿರಪ್ ಸುರಿದರು. ಸುಟ್ಟ ಬೆಲ್ಲದ ಜೊತೆ ಹಸಿ ಕಟ್ಟಿಗೆ ಸೇರಿದಂಥ ವಾಸನೆ... ಪ್ಲೇಟು ಹಿಡಿದು ಹಾಗೇ ನಿಂತುಬಿಟ್ಟೆ.

ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ಕೆನಡಾದ ಕ್ವಿಬೆಕ್‌ನವರು. ಇಲ್ಲಿಯವರನ್ನು ಮದುವೆಯಾಗಿ ಚಿಕ್ಕ ವಯಸ್ಸಿಗೇ ಇಲ್ಲಿಗೆ ಬಂದಿದ್ದರು. ಅವರ ಫ್ರೆಂಚ್ ಕೇಳಿ ಗಂಡನ ಮನೆಯವರು ನಕ್ಕರಂತೆ. ಮಗನಿಗೆ ಅದನ್ನು ಕಲಿಸಲೇ ಇಲ್ಲ. ನಾನು ಧಾರವಾಡದವಳು, ಮನೆಯಲ್ಲಿ ಬೇರೆ ಭಾಷೆ ಆಡುತ್ತೇನೆ ಎಂದು ತಿಳಿದ ಮೇಲೆ ನನ್ನೆದುರು ಫ್ರೆಂಚ್ ಆಡಲು ಅವರ ನಾಲಿಗೆ ಸಡಿಲವಾಯಿತು.

ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಕೆಲವೇ ವಾರ ಮೇಪಲ್ ಮರ ರಸ ಕೊಡುತ್ತದೆ ಎನ್ನುತ್ತಿದ್ದರು. ಅದರ ಪಾಕವನ್ನು ಹಿಮದ ಮೇಲೆ ಸುರಿದು, ಕಡ್ಡಿಗೆ ಸುತ್ತಿ ತಿನ್ನುತ್ತಿದ್ದರಂತೆ. ಇಲ್ಲಿ ಹಿಮ ಎಲ್ಲಿ? ಫ್ರೀಜರಿನ ಐಸ್ ಕುಟ್ಟಿ ನನ್ನ ಮಗಳಿಗೆ ಮಾಡಿಕೊಟ್ಟರು. ಮಾಂಸ ಬಿಟ್ಟು ನನಗಾಗಿ ಬಟಾಣಿ ಸೂಪ್ ಕುದಿಸುತ್ತಿದ್ದರು. ಸಿಟ್ಟು ಬಂದರೆ ಚರ್ಚಿನ ಪೂಜೆಯ ಪಾತ್ರೆಗಳ ಹೆಸರು ಹಿಡಿದು ಬಯ್ಯುವರು. ಅವರ ಊರಲ್ಲಿ ಅದೇ ಬೈಗುಳ.

"ಫ್ರುವಾ ಅಂದ್ರೆ ಚಳಿ. ಅದು ಪ್ಯಾರಿಸಿನವರ ಚಳಿ," ಎಂದಿದ್ದರು ಒಮ್ಮೆ. "ನಮ್ಮದು ಫ್ರೆಟ್. ಮೂಗಿನ ಕೂದಲೂ ಗಟ್ಟಿಯಾಗುತ್ತಲ್ಲ, ಅದು."

ಆಮೇಲೆ ಸ್ಟ್ರೋಕ್ ಆಯಿತು. ಇಂಗ್ಲಿಷ್ ಪೂರ್ತಿ ಹೋಯಿತು, ಊರಿನ ಫ್ರೆಂಚ್ ಮಾತ್ರ ಉಳಿಯಿತು. ಸಿಡ್ನಿಯಲ್ಲಿದ್ದ ಮಗ ಬಂದು ಬಾಕ್ಸ್ ಹಿಲ್ ಕಡೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಪ್ರತಿ ಭಾನುವಾರ ಬರುತ್ತೇನೆ ಎಂದು ಅಜ್ಜಿಯ ಕೈ ಹಿಡಿದು ಹೇಳಿದ್ದೆ. ಎರಡು ವಾರ ಹೋದೆ. ಆಮೇಲೆ ಆಫೀಸು, ಮಗಳ ಪರೀಕ್ಷೆ... ನಾಲ್ಕು ಭಾನುವಾರ ಕಳೆದುಹೋದವು.

ಐದನೆಯದಕ್ಕೆ ಹೋದಾಗ ಹೊರಗೆ ಸುಡು ಬಿಸಿಲು, ಒಳಗೆ ಜೋರು ಎಸಿ. ಅಲ್ಲಿ ಕೆಲಸಕ್ಕಿದ್ದ ದಾವಣಗೆರೆಯ ಹುಡುಗಿ ನನ್ನನ್ನು ಕಂಡು ಹಗುರಾದಳು.

"ಆಂಟಿ, ಅಜ್ಜಿ ಇಡೀ ದಿನ ಫ್ರೂಟ್, ಫ್ರೂಟ್ ಅಂತಾರೆ. ಕೊಟ್ರೆ ಕೈ ತಳ್ತಾರೆ. ಫೋನಲ್ಲಿ ಫ್ರೆಂಚ್ ಇಂಟರ್‌ಪ್ರಿಟರ್ ಕರೆಸಿದ್ವಿ, ಮಾತು ತೊದಲು, ಅರ್ಥ ಆಗ್ತಿಲ್ಲ ಅಂದ್ರು."

ಮಂಚದ ಪಕ್ಕ ಮಗ ಸಿಡ್ನಿಯಿಂದ ಕಳಿಸಿದ ಹಣ್ಣಿನ ಬುಟ್ಟಿ. ಎಸಿ ಗಾಳಿ ನೇರವಾಗಿ ಮಂಚದ ಮೇಲೆ. ತೆಳು ಹೊದಿಕೆಯ ಕೆಳಗೆ ಬೆರಳುಗಳು ನೀಲಿಗಟ್ಟಿದ್ದವು.

"ಫ್ರೆಟ್," ಎಂದರು ಅಜ್ಜಿ.

"ಹಣ್ಣಲ್ಲಮ್ಮ, ಚಳಿ ಅಂತಿದಾರೆ," ಎಂದೆ. ಹುಡುಗಿ ಕಂಬಳಿ ತರಲು ಓಡಿದಳು. ನಾನು ಅವರ ಪಾದಗಳನ್ನು ನನ್ನ ಮಡಿಲಲ್ಲಿಟ್ಟುಕೊಂಡು ಉಜ್ಜಿದೆ. ಅಜ್ಜಿ ಕಣ್ಣು ಮುಚ್ಚಿದರು. ಅಷ್ಟರಲ್ಲಾಗಲೇ ಎದೆಯಲ್ಲಿ ಕಫ ಕಟ್ಟಿತ್ತು. ಆರನೆಯ ದಿನ ಹೋಗಿಬಿಟ್ಟರು. ವಯಸ್ಸಾಗಿತ್ತು ಎಂದರು ಡಾಕ್ಟರು. ಇರಬಹುದು...

ಅಂತ್ಯಕ್ರಿಯೆಯ ದಿನ ಮಗ ಕೇಳಿದರು, "ವಿಡಿಯೋ ಕಾಲಲ್ಲಿ ಅಮ್ಮ ನನಗೂ ಫ್ರೂಟ್, ಫ್ರೂಟ್ ಅಂತಲೇ ಹೇಳ್ತಿದ್ದರು. ಏನದು?" ಸುಳ್ಳು ಹೇಳಬಹುದಿತ್ತು. ಚಳಿ ಅಂತ ಅರ್ಥ ಎಂದೆ. ಅವರು ತಲೆ ತಗ್ಗಿಸಿ ಕಾರಿನ ಕಡೆ ನಡೆದರು.

ಮೇಳದಿಂದ ಬಂದ ಮರುದಿನ, ಅಜ್ಜಿ ಹೋಗಿ ಎರಡು ವರ್ಷದ ಮೇಲೆ, ನಾನೇ ಅವರ ಮಗನಿಗೆ ಫೋನ್ ಮಾಡಿದೆ. ಅಮ್ಮ ನಿಮಗೆ ಕಲಿಸಿದ ಮಾತುಗಳನ್ನೆಲ್ಲ ನನಗೂ ಹೇಳಿ, ಬರೆದುಕೊಳ್ಳುತ್ತೇನೆ ಎಂದರು. ನೆನಪಿದ್ದುದನ್ನೆಲ್ಲ ಒಂದೊಂದಾಗಿ ಹೇಳಿದೆ. ಐದು ನಿಮಿಷವೂ ಹಿಡಿಯಲಿಲ್ಲ.

"ಇಷ್ಟೇನಾ?" ಎಂದರು.

"ಇಷ್ಟೇ," ಎಂದೆ.